ಹರಿದ ಕಿವಿಯ ಕರಡಿ

ಕಾಡಿನ ಅಂಚಿನ ಆ ಊರಿಗೆ ಕರಡಿ ಹೊಸದೇನಲ್ಲ. ಹಿತ್ತಲಿನ ಹಣ್ಣಿನ ಮರಕ್ಕೆ ಬರುತ್ತಿತ್ತು, ಕಸದ ಡಬ್ಬಿ ಉರುಳಿಸುತ್ತಿತ್ತು. ಬೆಳಿಗ್ಗೆ ಬಾಗಿಲು ತೆಗೆದರೆ ಮೆಟ್ಟಿಲ ಮುಂದೆ ಮನುಷ್ಯರ ಅಂಗಾಲಿನಂಥದೇ ಹೆಜ್ಜೆ ಮೂಡಿರುತ್ತಿತ್ತು. ಸದ್ದಿಗೆ ಕರಡಿ ಸರಿದುಹೋಗಲೆಂದು ಒಂಟಿಯಾಗಿ ಹೊರಟ ಗಂಡಸರು ಕೆಮ್ಮುತ್ತಾ ಹೋಗುತ್ತಿದ್ದರು. ಹೆಂಗಸರು ಯಾರನ್ನಾದರೂ ಗಟ್ಟಿಯಾಗಿ ಬೈಯುತ್ತಾ ಹೋಗುತ್ತಿದ್ದರು. ಅತ್ತೆಯನ್ನು ಬೈಯಲು ನಮ್ಮೂರಲ್ಲಿ ಕರಡಿಯ ನೆಪವಾದರೂ ಇದೆ ಎಂದು ಸೊಸೆಯರು ನಗುತ್ತಿದ್ದರು.

ಬಡಗಿಯ ಹೆಂಡತಿಯೂ ಹಾಗೇ ನಗುತ್ತಿದ್ದವಳು. ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಮಿಷನ್ ಇಟ್ಟುಕೊಂಡು ಊರಿನ ಅರ್ಧ ಜನಕ್ಕೆ ಬಟ್ಟೆ ಹೊಲಿದುಕೊಡುತ್ತಿದ್ದಳು. ಕರಡಿ ಅವಳ ಮುಖವನ್ನು ಕಿತ್ತುಹಾಕಿದ ಮೇಲೆ ಆ ನಗೆ ನಿಂತುಹೋಯಿತು.

ಊರು ಹೇಳುವ ಕತೆ ಹೀಗಿತ್ತು: ಗಂಡಹೆಂಡಿರು ಸೌದೆಗೆ ಹೋಗಿದ್ದರು. ಕರಡಿ ಅವಳ ಮೇಲೆ ಬಿತ್ತು. ಬಡಗಿ ಕೊಡಲಿ ಎತ್ತಿ ಎದುರು ನಿಂತು ಅದನ್ನು ಓಡಿಸಿದ, ಹೆಂಡತಿಯನ್ನು ಸಾವಿನ ಬಾಯಿಂದ ಕಿತ್ತು ತಂದ. ರಕ್ತ ಹತ್ತಿದ ಕೊಡಲಿ ಅಲ್ಲೇ ಬಿದ್ದಿದ್ದನ್ನು ಎಲ್ಲರೂ ನೋಡಿದ್ದರು.

ನಡೆದದ್ದು ಬೇರೆ. ಕರಡಿ ಮೊದಲು ಬಂದದ್ದು ಬಡಗಿಯ ಮೇಲೆ. ಅವನು ಬಾಗಿ ಕೊಂಬೆ ಕಡಿಯುತ್ತಿದ್ದ, ನೋಡಿರಲಿಲ್ಲ. ಅವಳು ಕಿರುಚಿ ಕೈಯಲ್ಲಿದ್ದ ಬುಟ್ಟಿಯನ್ನು ಬೀಸಿ ಎಸೆದಳು. ಬುಟ್ಟಿ ಕರಡಿಯ ಮೂತಿಗೆ ಬಡಿಯಿತು. ಅದು ಅವಳತ್ತ ತಿರುಗಿತು. ಎಡಗಿವಿ ಬುಡದವರೆಗೂ ಹರಿದು ಎರಡು ಸೀಳಾಗಿ ಜೋಲುತ್ತಿದ್ದುದು ಅವಳಿಗೆ ಕಂಡಿತು. ಕೊಡಲಿ ಕೆಳಗೆ ಬಿದ್ದ ಸದ್ದು ಕೇಳಿತು. ಆಮೇಲೆ ಗಂಡನ ಕಾಲಸಪ್ಪಳ, ದೂರ, ಇನ್ನೂ ದೂರ. ಅವನು ನಾಲ್ಕು ಜನರನ್ನು ಕರೆದುಕೊಂಡು ವಾಪಸು ಬರುವ ಹೊತ್ತಿಗೆ ಕರಡಿ ತಾನಾಗಿಯೇ ಹೋಗಿತ್ತು. ಕೊಡಲಿಗೆ ಹತ್ತಿದ್ದು ಅವಳದೇ ರಕ್ತ.

ಆಸ್ಪತ್ರೆಯಲ್ಲಿ ಅವಳ ಎಡಗಣ್ಣು ತೆಗೆದರು. ಮುರಿದ ದವಡೆಗೆ ತಂತಿ ಬಿಗಿದರು. ಎರಡು ತಿಂಗಳು ಅವಳಿಗೆ ಮಾತಿಲ್ಲ. ಅಷ್ಟರಲ್ಲಿ ಅತ್ತೆ ಮಗನ ಶೌರ್ಯವನ್ನು ಮನೆಮನೆಗೂ ಹಂಚಿ ಬಂದಿದ್ದಳು. ಮೊದಲು ಯಾರು ಹಾಗೆಂದರೋ ಗೊತ್ತಿಲ್ಲ. ಬಡಗಿಯಂತೂ ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ. ಅವಳಿಗೆ ಬಾಯಿ ಬರುವ ಹೊತ್ತಿಗೆ ಕತೆ ಗಾರೆಯ ಹಾಗೆ ಗಟ್ಟಿಯಾಗಿಬಿಟ್ಟಿತ್ತು. ಒಡೆಯಲು ಅವಳಿಗೂ ಮನಸ್ಸಾಗಲಿಲ್ಲ. ಜೀವಭಯ ಯಾರಪ್ಪನ ಮನೆ ಸ್ವತ್ತು? ಓಡಿದ್ದಕ್ಕೆ ಅವಳಿಗೆ ಸಿಟ್ಟಿರಲಿಲ್ಲ. ಬಾಗಿಲು ಮುಚ್ಚಿದ ಕೋಣೆಯಲ್ಲಿ ಒಂದೇ ಒಂದು ಸಲ, ತನ್ನೊಬ್ಬಳ ಹತ್ತಿರ ಅವನು ಆ ಮಾತು ಆಡಬೇಕಿತ್ತು, ಅಷ್ಟೇ.

ಅವನು ಆಡಲಿಲ್ಲ. ಸೇವೆಗೆ ಮಾತ್ರ ಕೊರತೆ ಮಾಡಲಿಲ್ಲ. ಅಗಿಯಲಾರದವಳಿಗೆ ಅನ್ನ ಹಿಸುಕಿ ಕೊಟ್ಟ. ಉಳಿದ ಕಣ್ಣಿಗೆ ಬೆಳಕು ಬೀಳುವಂತೆ ಮಿಷನ್ನಿನ ಮೇಜನ್ನು ತಿರುಗಿಸಿಟ್ಟ. ಗೋಡೆಯ ಕನ್ನಡಿಯನ್ನು ಚೌಕಟ್ಟು ಸಡಿಲವಾಗಿದೆ ಎಂದು ಒಯ್ದವನು ತಿರುಗಿ ತರಲೇ ಇಲ್ಲ. ಮಾತಾಡುವಾಗ ಅವಳ ಭುಜ ನೋಡುತ್ತಿದ್ದ, ಕೈ ನೋಡುತ್ತಿದ್ದ, ಹೊಲಿಯುತ್ತಿದ್ದ ಬಟ್ಟೆ ನೋಡುತ್ತಿದ್ದ. ಮುಖವನ್ನು ಎರಡು ವರ್ಷ ನೋಡಲಿಲ್ಲ.

ಮೂರನೆಯ ವರ್ಷ ಕುರಿ ಕಾಯುವ ಮುದುಕನೊಬ್ಬನನ್ನು ಕರಡಿ ಕೊಂದಿತು. ಊರು ರೊಚ್ಚಿಗೆದ್ದಿತು. ಅರಣ್ಯ ಇಲಾಖೆಯವರು ಬಂದು ಬೋನು ಇಟ್ಟರು, ಒಳಗೆ ಕೊಳೆತ ಹಣ್ಣು ಸುರಿದರು. ಆರನೆಯ ದಿನ ಬೆಳಿಗ್ಗೆ ಕರಡಿ ಬಿದ್ದಿತ್ತು.

ಊರಿಗೆ ಊರೇ ಅಲ್ಲಿತ್ತು. ಬೋನಿನ ಮೂಲೆಯಲ್ಲಿ ಕರಡಿ ಮುದುಡಿ ಕೂತು ತನ್ನದೇ ಪಂಜ ನೆಕ್ಕಿಕೊಳ್ಳುತ್ತಿತ್ತು. ಕಂಬಿ ಕಚ್ಚಿ ಬಾಯೆಲ್ಲ ರಕ್ತವಾಗಿತ್ತು. ಅಧಿಕಾರಿ ಕೈಯಲ್ಲಿ ಕಾಗದ ಹಿಡಿದು ಅವಳನ್ನು ಮುಂದೆ ಕರೆದ.

"ಅಮ್ಮಾ, ನಿಮ್ಮ ಮೇಲೆ ಬಿದ್ದದ್ದು ಇದೇನಾ? ಸರಿಯಾಗಿ ನೋಡಿ ಹೇಳಿ. ಮುದುಕನ್ನ ಕೊಂದಿದ್ದನ್ನ ಕಂಡವರಿಲ್ಲ, ನಿಮ್ಮ ಮಾತೇ ಸಾಕ್ಷಿ. ಇದೇ ಅಂದ್ರೆ ಇದಕ್ಕೆ ಸಾಯೋತನಕ ಬೋನೇ ಗತಿ. ಅಲ್ಲ ಅಂದ್ರೆ ದೂರದ ಕಾಡಿಗೆ ಬಿಟ್ಟು ಬರ್ತೀವಿ."

ಅವಳು ಬಾಯಿ ತೆರೆಯುವ ಮೊದಲೇ ಅತ್ತೆ ನುಗ್ಗಿದಳು. "ಅವಳನ್ನೇನು ಕೇಳ್ತೀರಿ ಸಾಹೇಬ್ರೇ? ಪಾಪ, ಪ್ರಜ್ಞೆ ತಪ್ಪಿ ಬಿದ್ದಿದ್ಲು. ನನ್ನ ಮಗನ್ನ ಕೇಳಿ. ಎದುರು ನಿಂತು ಬಡಿದಾಡಿದವನು ಅವನು."

ಜನ ಬಡಗಿಯನ್ನು ಮುಂದಕ್ಕೆ ತಳ್ಳಿದರು. ಅವನು ಬೋನಿನ ಕಡೆ ಅರೆಗಳಿಗೆ ನೋಡಿದ. "ಇದೇ," ಎಂದ.

ಅವಳು ಕಂಬಿಗಳ ಹತ್ತಿರ ಹೋದಳು. ಕರಡಿಯ ಎರಡು ಕಿವಿಗಳೂ ನೆಟ್ಟಗಿದ್ದವು, ದುಂಡಗೆ, ಒಂದು ಗೀರೂ ಇಲ್ಲದೆ. ಇದು ಇನ್ನೂ ಎಳೆಯದು. ಅದು ತಲೆಯೆತ್ತಿ ಅವಳ ಮುಖವನ್ನು ನೇರವಾಗಿ ನೋಡಿತು.

"ನೀವೇನಂತೀರಮ್ಮ?" ಅಧಿಕಾರಿ ಮತ್ತೆ ಕೇಳಿದ.

ಅಲ್ಲ ಎಂದರೆ ಗಂಡನ ಮಾನ ಹೋಗುತ್ತದೆ. ಹೌದು ಎಂದರೆ ತನಗೇನೂ ಮಾಡದ ಪ್ರಾಣಿಯೊಂದು ಕಂಬಿಯ ಹಿಂದೆ ಸಾಯುತ್ತದೆ. ಅವಳು ಕಣ್ಣು ಮುಚ್ಚಿಕೊಂಡಳು.

"ಹೌದು. ಅವರು ಹೇಳಿದ್ದೇ ಸರಿ. ಇದೇ."

"ಅಲ್ಲ!" ಬಡಗಿಯ ದನಿ ಒಡೆದುಹೋಗಿತ್ತು. "ಸುಳ್ಳು ಹೇಳ್ತಿದಾಳೆ. ನನಗೋಸ್ಕರ ಹೇಳ್ತಿದಾಳೆ. ನಾನು ಆ ಕರಡೀನ ಸರಿಯಾಗಿ ನೋಡೇ ಇಲ್ಲ ಸಾರ್. ಅದು ಬಂದಿದ್ದು ನನ್ನ ಮೇಲೆ. ಇವಳು ಬುಟ್ಟಿ ಎಸೆದು ತನ್ನ ಕಡೆ ತಿರುಗಿಸಿಕೊಂಡ್ಲು. ನಾನು ಕೊಡಲಿ ಬಿಸಾಕಿ ಓಡಿಹೋದೆ."

ಅಧಿಕಾರಿ ಅವಳತ್ತ ತಿರುಗಿದ. ಅವಳು ಹರಿದ ಕಿವಿಯ ವಿಷಯ ಹೇಳಿದಳು. ಅವನು ಕಾಗದವನ್ನು ಮಡಿಸಿ ಜೇಬಿಗೆ ಹಾಕಿಕೊಂಡ.

ಅಂದು ಸಂಜೆ ಬಡಗಿ ಅವಳ ಎದುರು ನೆಲದ ಮೇಲೆ ಕೂತು ಮೊದಲ ಸಲ ತಲೆಯೆತ್ತಿ ಅವಳ ಮುಖ ನೋಡಿದ. ಕಣ್ಣಿದ್ದ ಜಾಗ, ಸೊಟ್ಟಗಾದ ತುಟಿ, ಗಲ್ಲದ ಗಂಟುಗಂಟು ಹೊಲಿಗೆ, ಒಂದೊಂದನ್ನೂ ನೋಡಿದ. ಎರಡು ವರ್ಷ ಇದಕ್ಕಾಗಿಯೇ ಕಾದವಳು ಆಗ ಎರಡೂ ಅಂಗೈಗಳಿಂದ ಮುಖ ಮುಚ್ಚಿಕೊಂಡಳು. ಯಾಕೆಂದು ಅವಳಿಗೇ ತಿಳಿಯಲಿಲ್ಲ.

ಊರಿನ ಬಾಯಿಗೆ ಬೀಗವುಂಟೇ? ಬಡಗಿಗೆ 'ಓಟಗಾರ' ಎಂದು ಹೆಸರು ಬಿತ್ತು. "ಬಾಗಿಲು ಮಾಡೋವಾಗ ಹಿಂದೊಂದು ಮುಂದೊಂದು ಇಡಪ್ಪಾ, ಓಡೋಕೆ ಅನುಕೂಲ," ಎಂದು ಚಹಾದಂಗಡಿಯಲ್ಲಿ ನಕ್ಕರು. ಹಿಡಿದ ಕರಡಿಯನ್ನು ಲಾರಿಯಲ್ಲಿ ಒಯ್ದಾಗ, ಇವರಿಂದಾಗಿ ಅದು ಬದುಕಿಕೊಂಡಿತು ಎಂದು ಮುದುಕನ ಮಕ್ಕಳು ಮನೆ ಮುಂದೆ ನಿಂತು ಶಪಿಸಿದರು. ಅತ್ತೆ ಮಗನೊಡನೆಯೂ ಮಾತು ಬಿಟ್ಟಳು, ಸೊಸೆಯೊಡನೆಯೂ ಬಿಟ್ಟಳು.

ಎರಡು ತಿಂಗಳಾದ ಮೇಲೆ ಬಡಗಿ ಸಮುದ್ರದ ಕಡೆಯ ಊರೊಂದರಲ್ಲಿ ದೋಣಿ ಕಟ್ಟುವ ಕೆಲಸ ಹಿಡಿದ. ಬಸ್ಸಿನವರೆಗೂ ಅವಳು ಜೊತೆಗೆ ಹೋದಳು.

"ಹೋಗಬೇಡಿ ಅಂದ್ರೆ ನಿಲ್ತೀರಾ?"

ಅವನು ಇಲ್ಲವೆಂದು ತಲೆಯಾಡಿಸಿದ. "ನಿನ್ನ ನೋಡಿದಾಗಲೆಲ್ಲ ನನ್ನ ಕಾಲಸಪ್ಪಳ ನನಗೇ ಕೇಳುತ್ತೆ."

"ನಾನಾದ್ರೂ ಓಡ್ತಿದ್ದೆ ರೀ. ಯಾರಾದ್ರೂ ಓಡ್ತಾರೆ."

"ನೀನು ಓಡ್ಲಿಲ್ವಲ್ಲ," ಎಂದ ಅವನು. ಬಸ್ಸು ಬಂತು.

ಮೊದಲು ಹದಿನೈದು ದಿನಕ್ಕೊಮ್ಮೆ ಬರುತ್ತಿದ್ದ, ಆಮೇಲೆ ತಿಂಗಳಿಗೊಮ್ಮೆ. ವರ್ಷ ತಿರುಗುವಷ್ಟರಲ್ಲಿ ಬರುವುದು ನಿಂತು, ಯಾರಾದರೂ ಆ ಕಡೆಯಿಂದ ಬಂದಾಗ 'ಚೆನ್ನಾಗಿದ್ದಾನೆ' ಎಂಬ ಸುದ್ದಿಯಷ್ಟೇ ಉಳಿಯಿತು.

ಒಂದು ಮಧ್ಯಾಹ್ನ ಅವಳು ಯಾರದೋ ಹಳೆಯ ಕೋಟು ಬಿಚ್ಚಿ ಹೊಲಿಯುತ್ತಿದ್ದಳು. ಅತ್ತೆ ಬಾಗಿಲಲ್ಲಿ ಬಂದು ನಿಂತಳು. ಅಷ್ಟು ದಿನಗಳ ಮೇಲೆ ಮೊದಲ ಮಾತು ಅವಳೇ ಆಡಿದಳು.

"ಬುಟ್ಟಿ ಎಸೆದೆಯಂತಲ್ಲ, ಯಾಕೆ ಎಸೆದೆ?"

ಅವಳು ಮಿಷನ್ ನಿಲ್ಲಿಸಿದಳು. "ಗೊತ್ತಿಲ್ಲ ಅತ್ತೆ. ಯೋಚನೆ ಮಾಡ್ಲಿಲ್ಲ. ಕೈಯಲ್ಲಿತ್ತು, ಎಸೆದೆ."

ಮುದುಕಿ ಹೊಸಿಲು ದಾಟಿ ಒಳಗೆ ಬಂದಳು. "ಅವನೂ ಯೋಚನೆ ಮಾಡಿರಲಿಕ್ಕಿಲ್ಲ ಕಣೇ," ಎಂದಳು.

"ಇಲ್ಲ ಅತ್ತೆ. ಅವರೂ ಮಾಡಿರಲಿಲ್ಲ."

ಅತ್ತೆ ಸ್ಟೂಲು ಎಳೆದುಕೊಂಡು ಅವಳ ಪಕ್ಕ ಕೂತಳು. ಕೋಟಿನ ಇನ್ನೊಂದು ತೋಳನ್ನು ಮಡಿಲಿಗೆಳೆದುಕೊಂಡು ಹಳೆಯ ಹೊಲಿಗೆಯನ್ನು ಒಂದೊಂದಾಗಿ ಬಿಚ್ಚತೊಡಗಿದಳು.