ರಾಮಮ್ಮನ ಹೆಬ್ಬೆಟ್ಟು

"ಕೆಸರಲ್ಲಿ ಬಿದ್ಕಂಡಿರೊ ಎಮ್ಮೆಗೂ ಕೂಗುದ್ರೆ ಕೇಳ್ಸುತ್ತೆ ಕಣಮ್ಮಿ. ಬಾ ಇತ್ತಗೆ, ಎಬ್ಬೆಟ್ಟೊತ್ತೋಗು."

ಬದುವಿನ ಹೊಂಗೆಮರದ ನೆರಳಿನಿಂದ ಚೇರ್ಮನ್ ಗಂಗಾಧರಸ್ವಾಮಿ ಕೂಗಿದಾಗ ರಾಮಮ್ಮ ಅವನದೇ ಗದ್ದೆಯಲ್ಲಿ ನಾಟಿ ಹಾಕುತ್ತಿದ್ದಳು. ಮೀಸಲಾತಿ ಬಂದು ಕೇರಿಯಿಂದ ಪಂಚಾಯ್ತಿ ಮೆಂಬರಾದವಳು. ಕಚೇರಿಯ ಹೊಸಿಲು ದಾಟಿದ್ದು ಗೆದ್ದ ದಿನ ಮಾತ್ರ. ಆಮೇಲೆ ಮೀಟಿಂಗಿನ ಪುಸ್ತಕವೇ ಅವಳು ಕೂಲಿ ಮಾಡುವ ಗದ್ದೆಗೆ ಬರುತ್ತಿತ್ತು.

ಈ ಸಲ ಮೆಂಬರುಗಳೂ ಬಂದಿದ್ದರು. ನಾಟಿ ಬಿಟ್ಟು ಕಚೇರಿಗೆ ಹೋಗಲು ಚೇರ್ಮನ್ನನಿಗೆ ಪುರಸೊತ್ತಿರಲಿಲ್ಲ. ಮರದ ಕೆಳಗೆ ಕುರ್ಚಿ ಹಾಕಿಕೊಂಡು, ಸರ್ಕಾರ ಕೊಟ್ಟ ಹಣವನ್ನು ಯಾವುದಕ್ಕೆ ಹಾಕಬೇಕೆಂದು ಬೆಳಗಿನಿಂದ ಕಿತ್ತಾಡಿದ್ದರು. ಒಬ್ಬನಿಗೆ ತನ್ನ ಬೀದಿಗೆ ಚರಂಡಿ, ಇನ್ನೊಬ್ಬನಿಗೆ ಬಸ್ಸು ಕಾಯಲು ತಂಗುದಾಣ. ಕೊನೆಗೆ ನಿಂತದ್ದು ಚೇರ್ಮನ್ನನ ಮಾತು: ನರಸೀಪುರದಿಂದ ಬರುವವರಿಗೆ ಕಾಣುವಂತೆ ಊರಬಾಗಿಲಿಗೊಂದು ಕಮಾನು. ಅದಕ್ಕೆ ಕಡಿಮೆ ಬಿದ್ದ ಹಣವನ್ನು ಕೇರಿಗೆಂದು ಮೀಸಲಿಟ್ಟ ಬಾಬ್ತಿನಿಂದ ತೆಗೆಯುವುದು. ಅದಕ್ಕೆ ಕೇರಿಯ ಮೆಂಬರಿನ ಒಪ್ಪಿಗೆ ಬೇಕಿತ್ತು.

ಕಾರ್ಯದರ್ಶಿ ಸುಬ್ರಹ್ಮಣ್ಯ ಪುಸ್ತಕವನ್ನೂ ಮಸಿಡಬ್ಬಿಯನ್ನೂ ಬದುವಿನ ಮೇಲಿಟ್ಟು ಹಿಂದಕ್ಕೆ ಸರಿದ. ಯಾವಾಗಲೂ ಹಾಗೆಯೇ. ಅವಳು ಒತ್ತಿ ದೂರ ನಿಂತ ಮೇಲೆ ಬಂದು ಎತ್ತಿಕೊಳ್ಳುತ್ತಾನೆ.

ರಾಮಮ್ಮ ಕೈ ತೊಳೆಯಲಿಲ್ಲ. "ನಾಲೆಗೆ ಸೇತ್ವೆ ಬರ್ಕಂಡಿದ್ದೀರಾ ಸಾ?" ಎಂದಳು.

ಕೇರಿಯವರು ಹೆಣ ಹೂಳುವ ಜಾಗ ನಾಲೆಯ ಆಚೆಗಿತ್ತು. ಊರೊಳಗಿನ ದಾರಿಯಲ್ಲಿ ಅವರ ಹೆಣ ಬಿಡುತ್ತಿರಲಿಲ್ಲ. ನಾಟಿಗೆ ನೀರು ಬಿಟ್ಟರೆ ಎದೆಮಟ್ಟ. ಹೋದ ವರ್ಷ ಮಾವನನ್ನು ಹೊತ್ತು ಇಳಿದಾಗ ಚಟ್ಟ ಮಗುಚಿ, ಹೆಣ ತೂಬಿನ ತನಕ ತೇಲಿ ಹೋಗಿತ್ತು. ಅವಳ ಗಂಡ ಬೆಟ್ಟಯ್ಯನೇ ಈಜಿ, ಅಪ್ಪನ ಕಾಲು ಹಿಡಿದು ದಡಕ್ಕೆ ಎಳೆದ. ಅದನ್ನು ನಿಂತು ನೋಡಿದ ಅತ್ತೆ ವೆಂಕಟಮ್ಮ ಈಗ ಹಾಸಿಗೆ ಹಿಡಿದಿದ್ದಳು. ಗಂಜಿಯೂ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಬಾಯಿ ಬಿಟ್ಟಾಗಲೆಲ್ಲ ಒಂದೇ ಮಾತು, ನನ್ನನ್ನು ಮಾತ್ರ ನೀರಿಗೆ ಬಿಡಬೇಡಿ.

ಮುಂದಿನ ವರ್ಷ ನೋಡೋಣವೆಂದ ಸುಬ್ರಹ್ಮಣ್ಯ. ಹೋದ ವರ್ಷವೂ ಹಾಗೆಂದೇ ಒತ್ತಿಸಿಕೊಂಡಿದ್ದ.

"ಸತ್ತೋರ್ಗೆ ಯಾಕಮ್ಮಿ ಸೇತ್ವೆ?" ಗಂಗಾಧರಸ್ವಾಮಿ ನಕ್ಕ. "ನೀರ್ ಕುಡುದ್ರೆ ಇನ್ನೊಂದ್ಸಲ ಸಾಯ್ತಾರಾ?"

ಕುರ್ಚಿಗಳೆಲ್ಲ ನಕ್ಕವು.

"ನಿಮ್ ಕಮಾನ್ ಕೆಳುಗ್ಲಿಂದ ನಮ್ ಎಣ ಬುಡ್ತೀರಾ ಬುದ್ಧಿ? ಬುಡದಿದ್ರೆ ನಾನು ಒತ್ತಕಿಲ್ಲ."

ನಗು ನಿಂತಿತು.

"ಬೋಸುಡಿ, ನನ್ ಗದ್ದೇಲ್ ನಿಂತ್ಕಂಡು ನನ್ನೇ ಕೇಳ್ತೀಯಾ? ಇಡ್ಕಳ್ರಿ ಅವ್ಳ್ ಕೈಯ. ಒತ್ತುಸ್ರಿ."

ಯಾರೂ ಏಳಲಿಲ್ಲ. ಸುಬ್ರಹ್ಮಣ್ಯ ಪಕ್ಕದವನ ಮುಖ ನೋಡಿದ, ಪಕ್ಕದವನು ಇನ್ನೊಬ್ಬನದು. ಹಿಡಿಯಬೇಕಾದರೆ ಅವಳನ್ನು ಮುಟ್ಟಬೇಕು. ರಾಮಮ್ಮ ಕೆಸರಿನ ಕೈಯನ್ನು ಮುಂದಕ್ಕೆ ಚಾಚಿಯೇ ನಿಂತಳು. ಚಾಚಿದಷ್ಟೂ ಅವರು ಕುರ್ಚಿಗೆ ಒರಗಿದರು.

ಚೇರ್ಮನ್ನನಿಗೆ ಅರ್ಥವಾಯಿತು. "ಆ ಬೆಟ್ಟನ್ ಕರೀರ್ಲಾ" ಎಂದ.

ಪಕ್ಕದ ಗದ್ದೆಯಲ್ಲಿ ಎತ್ತು ಕಟ್ಟಿ ಕೆಸರು ಮಟ್ಟ ಮಾಡುತ್ತಿದ್ದ ಬೆಟ್ಟಯ್ಯ ತಲೆವಸ್ತ್ರ ಬಿಚ್ಚಿಕೊಂಡು ಬಂದ. ಮೀಸೆ ಮೊಳೆಯುವ ಮುಂಚಿನಿಂದ ಅವನು ಆ ಮನೆಯ ಜೀತದಾಳು. ಹೇಳಿದ್ದನ್ನು ಕೇಳಿಸಿಕೊಂಡ. ನೆಲ ನೋಡುತ್ತಲೇ ಹೆಂಡತಿಯ ಮಣಿಕಟ್ಟು ಹಿಡಿದು, ಪುಸ್ತಕದ ಮೇಲಕ್ಕೆ ತಂದ.

ರಾಮಮ್ಮ ಕೈ ಕೊಸರಲಿಲ್ಲ. ಹೆಬ್ಬೆರಳನ್ನು ಒಳಕ್ಕೆ ಮಡಚಿ, ಉಳಿದ ಬೆರಳುಗಳನ್ನು ಅದರ ಮೇಲೆ ಬಿಗಿದಳು.

"ಬಿಚ್ಚು" ಎಂದಳು ಗಂಡನಿಗೆ, ಮೆಲ್ಲಗೆ. "ಬಿಚ್ಚಿ ಒತ್ಸು. ಆಮೇಲೆ ನಿಮ್ಮವ್ವುನ್ನೂ ನೀರ್ಗೇ ಇಳ್ಸು."

"ಏನ್ಲಾ ನೋಡ್ತಿದ್ದೀಯ?" ಗಂಗಾಧರಸ್ವಾಮಿ ಎದ್ದು ನಿಂತ.

ಬೆಟ್ಟಯ್ಯನ ಬೆರಳುಗಳು ಅವಳ ಮುಷ್ಟಿಯ ಮೇಲಿದ್ದವು. ಬಿಚ್ಚಲೂ ಇಲ್ಲ, ಬಿಡಲೂ ಇಲ್ಲ. ಇಬ್ಬರ ಕೈಯ ಕೆಸರೂ ಒಂದಾಗಿ, ತೆರೆದಿಟ್ಟ ಪುಸ್ತಕದ ಮೇಲೆ ತೊಟ್ಟಿಕ್ಕುತ್ತಿತ್ತು. ಅದನ್ನು ಎತ್ತಿಕೊಳ್ಳಲು ಯಾರೂ ಹತ್ತಿರ ಬರಲಿಲ್ಲ.