ಪಟ್ಟಿ ಮುಗಿದ ಮೇಲಿನ ಸುತ್ತು

ನಮ್ಮ ಪ್ರವಾಹ ನಿಯಂತ್ರಣ ಕೊಠಡಿಯ ಮೇಡಂಗೆ ‘ಡ್ರಿಲ್ಲಮ್ಮ’ ಅಂತ ಹೆಸರಿಟ್ಟವಳು ನಾನೇ. ಮೂರು ವರ್ಷದಿಂದ ತಿಂಗಳು ತಪ್ಪದೆ ಹೊಳೆ ಪಕ್ಕದ ಬೀದಿಯಲ್ಲಿ ತಾಲೀಮು. ಒಣ ನೆಲದ ಮೇಲೆ ದೋಣಿ ಹೊರಿಸಿಕೊಂಡು ಓಡಾಡಿಸೋರು. ನೆರೆ ಬಂದಾಗ ದೋಣಿಯಲ್ಲಿ ಕರೆತರಬೇಕಾದ, ನಡೆಯಲಾಗದವರ ಪಟ್ಟಿ ಬರೆಯೋ ಕೆಲಸ ನನ್ನದು. ಪಟ್ಟಿ ಮುಗಿದ ಮೇಲೂ ದೋಣಿಯವರು ಇನ್ನೊಂದು ಸುತ್ತು ಹೋಗಿ ಮನೆಮನೆಯ ಬಾಗಿಲು ತಟ್ಟಬೇಕು. ಮಾಡೋಕೆ ಬೇರೆ ಕಸುಬಿಲ್ಲ ಅಂತ ಮೂಗು ಮುರೀತಿದ್ದೆ.

ನಮ್ಮನೆಯೂ ಅದೇ ಬೀದಿ. ಅಮ್ಮನ ಮಂಡಿ ಹೋಗಿ ಎರಡು ವರ್ಷ. “ನನ್ನ ಹೆಸರು ಬರೆದೀಯ, ಹುಷಾರ್. ಕುಂಟಿ ಅನ್ನಿಸ್ಕೊಳ್ಳೋಕೆ ನಾನು ರೆಡಿ ಇಲ್ಲ,” ಅಂದಿದ್ದಳು. ನಾನೂ ಬರೆಯಲಿಲ್ಲ. ಅವಳಿಗಿಂತ ನನಗೇ ನಾಚಿಕೆ, ಸುಳ್ಳು ಯಾಕೆ ಹೇಳಲಿ.

ಆವತ್ತು ಬೆಳಿಗ್ಗೆ ಸೈರನ್ ಕೂಗಿತು. ಅಮ್ಮನಿಗೆ ಫೋನ್ ಮಾಡಿದೆ. “ಹೊರಟೆ ಕಣೇ,” ಅಂದಳು. ನಡೆಯಬಲ್ಲವರೆಲ್ಲ ನಮ್ಮ ಕೊಠಡಿಯಿದ್ದ ದಿಬ್ಬದ ಶಾಲೆಗೆ ಬಂದರು. ಅಲ್ಲಿ ಅಮ್ಮ ಇಲ್ಲ. ಫೋನೂ ಹೋಗಲಿಲ್ಲ.

ಕಿಟಕಿಯಿಂದ ನೋಡಿದೆ. ಕಣ್ಣು ಹಾಯ್ದಷ್ಟು ದೂರ ಕೆಂಪು ನೀರು. ದೊಡ್ಡ ದೊಡ್ಡ ಮರಗಳು ಬುಡಸಮೇತ ಕಡ್ಡಿಗಳ ಹಾಗೆ ತೇಲಿ ಹೋಗ್ತಿದ್ವು. ಅದರ ನಡುವೆ ನಾಲ್ಕೇ ನಾಲ್ಕು ದೋಣಿ. ಗಲಾಟೆಯಿಲ್ಲ, ಕೂಗಾಟವಿಲ್ಲ, ಒಂದೊಂದೂ ತನ್ನ ಬಾಗಿಲಿಗೆ ತಾನೇ ಹೋಗ್ತಿತ್ತು. ಆ ನೀರು ದೊಡ್ಡದೋ, ಈ ಡ್ರಿಲ್ಲಮ್ಮನ ಹಟ ದೊಡ್ಡದೋ, ನನಗೆ ತಿಳೀಲಿಲ್ಲ.

“ಮೇಡಂ, ನಮ್ಮಮ್ಮ ಒಳಗೇ ಇದ್ದಾಳೆ. ಪಟ್ಟಿಯಲ್ಲಿ ನಾನೇ ಬರೆದಿಲ್ಲ.”

ಅವರು ಬೈಯಲಿಲ್ಲ. “ಪಟ್ಟಿ ಬರೆಯೋರಿಗೂ ಅಮ್ಮಂದಿರು ಇರ್ತಾರಲ್ಲಮ್ಮ. ಎರಡನೇ ಸುತ್ತು ಇರೋದೇ ಅದಕ್ಕೆ,” ಅಂದರು.

ಅಷ್ಟರಲ್ಲಿ ವೈರ್‌ಲೆಸ್ ಮಾತಾಡಿತು. ದೋಣಿಯವನ ದನಿ. “ಪಟ್ಟಿ ಪೂರ್ತಿ, ನಲವತ್ತೊಂದು ಜನ. ಈಗ ಬಾಗಿಲು ತಟ್ಟೋ ಸುತ್ತಲ್ಲಿ ಇದ್ದೀವಿ. ಹದಿನೇಳನೇ ಮನೇಲಿ ಒಬ್ಬರು ಅಜ್ಜಿ, ಮೇಜಿನ ಮೇಲೆ ಕೂತಿದ್ದಾರೆ, ಸೊಂಟದವರೆಗೆ ನೀರು. ದೋಣಿ ಹತ್ತಿ ಅಂದ್ರೆ, ನನ್ನ ಹೆಸರು ಪಟ್ಟೀಲಿಲ್ಲ, ನಾನು ನಡ್ಕೊಂಡೇ ಬರ್ತೀನಿ ಅಂತಾರೆ.”

ಹದಿನೇಳು ನಮ್ಮನೆ. ಮೈಕ್ ಕಿತ್ಕೊಂಡೆ. “ಅಮ್ಮಾ, ನಿನ್ನ ದಮ್ಮಯ್ಯ, ಹತ್ತು.”

ದೋಣಿಯವನು ವೈರ್‌ಲೆಸ್ ಅವಳ ಬಾಯಿಯ ಹತ್ತಿರ ಹಿಡಿದಿರಬೇಕು. ನೀರಿನ ಸದ್ದಿನ ನಡುವೆ ಅಮ್ಮನ ದನಿ ಬಂತು, ನಾನು ಹುಟ್ಟಿದಾಗಿನಿಂದ ಕೇಳದಷ್ಟು ಸಣ್ಣಗೆ.

“ಬರ್ಕೊಳ್ಳೇ. ನನಗೆ ನಡೆಯೋಕಾಗಲ್ಲ.”

ಮೇಡಂ ಪೆನ್ನು ನನ್ನ ಕಡೆ ಸರಿಸಿದರು. ನಲವತ್ತೆರಡನೇ ಸಾಲಿನಲ್ಲಿ ಅಮ್ಮನ ಹೆಸರು ಬರೆದೆ.