ಅರ್ಸೆನಿಯೊ ಘಾಟಿ ಹತ್ತಿದ್ದು

ಎರಡನೆಯ ಗುದ್ದಿಗೇ ರುಬಿಯೆಲ್ ಇಗರ್ಜಿಯ ಮೆಟ್ಟಿಲ ಮೇಲೆ ಮಂಡಿಯೂರಿದ. ಯೆಸಿದ್ ಅವನ ಕೂದಲು ಹಿಡಿದು ಮುಖ ಮೇಲಕ್ಕೆತ್ತಿ ಮತ್ತೊಂದು ಬಾರಿಸಿದ. ಕೆನ್ನೆಯ ಚರ್ಮ ಸೀಳಿ ರಕ್ತ ಬಿಳಿ ಅಂಗಿಯ ಕಾಲರಿಗೆ ಇಳಿಯಿತು. ಶವಪೆಟ್ಟಿಗೆ ಹೊತ್ತವರು ಹೊರಗೆ ಬರಲಾಗದೆ ಇಗರ್ಜಿಯ ಬಾಗಿಲಲ್ಲೇ ನಿಂತರು.

"ಅಪ್ಪನ್ನ ಕೊಂದು, ಅವನ ಮಣ್ಣಿಗೇ ಬಿಳಿ ಅಂಗಿ ಹಾಕ್ಕೊಂಡು ಬರ್ತೀಯೇನೋ?"

ರುಬಿಯೆಲ್ ಕೈ ಎತ್ತಲಿಲ್ಲ. ನೆರೆದವರಿಗೆ ಹೆದರಿಕೆ ಹುಟ್ಟಿಸಿದ್ದು ಅದೇ. ಬಂದೂಕಿನವರು ಬೆಟ್ಟವನ್ನು ಆಳುತ್ತಿದ್ದ ಕಾಲದಲ್ಲಿ ಆ ಕೈಗಳು ಏನೇನು ಮಾಡಿದ್ದವು ಎಂದು ಊರಿಗೆ ಗೊತ್ತಿತ್ತು.

ಸೈಕಲ್ ರಿಪೇರಿಯ ಮುದುಕ ನೆಪೊ ಹಿಂದಿನಿಂದ ಯೆಸಿದ್‌ನ ಸೊಂಟ ತಬ್ಬಿ ಎಳೆದ. ಸತ್ತ ಅರ್ಸೆನಿಯೊಗೆ ಅವನು ಹರೆಯದಿಂದಲೂ ಗೆಳೆಯ.

"ಬಿಡೋ ಮಗಾ. ನಿಮ್ಮಪ್ಪ ಬಾಗಿಲಲ್ಲಿ ಕಾಯ್ತಿದಾನೆ."

"ನೀವು ನೋಡಿಲ್ಲ ನೆಪೊ ಮಾವ. ಮೈ ತೊಳೆದವನು ನಾನು. ಎದೆ ತುಂಬ ನೀಲಿಗಟ್ಟಿದೆ. ಪಕ್ಕೆಲುಬು ಮುರಿದು ಕೈಗೆ ಮೆತ್ತಗೆ ಸಿಗುತ್ತೆ. ಹೃದಯ ನಿಂತು ಸತ್ತವನಿಗೆ ಪಕ್ಕೆಲುಬು ಯಾಕೆ ಮುರಿಯುತ್ತೆ ಹೇಳಿ."

ಬೊಕೆರೋನ್ ಘಾಟಿಯ ತುದಿಯಿಂದ ಹೆಣವನ್ನೂ ಸೈಕಲನ್ನೂ ಒಂದೇ ಗಾಡಿಯಲ್ಲಿ ಹಾಕಿಕೊಂಡು ಇಳಿದವನು ರುಬಿಯೆಲ್. ಆಸ್ಪತ್ರೆಯವರು ಹೃದಯಾಘಾತ ಎಂದರು. ಅರವತ್ತು ದಾಟಿದವನು ಘಾಟಿ ಹತ್ತಿದರೆ ಇನ್ನೇನಾಗುತ್ತದೆ ಎಂದು ಎಲ್ಲರೂ ಒಪ್ಪಿಕೊಂಡಿದ್ದರು.

ಪೆಟ್ಟಿಗೆಯ ಹಿಂದಿದ್ದ ಅರ್ಸೆನಿಯೊನ ಹೆಂಡತಿ ಒಲಿವಾ ಜನರನ್ನು ಸರಿಸಿಕೊಂಡು ಮುಂದೆ ಬಂದಳು.

"ಪೆಟ್ಟಿಗೆ ಬೆಂಚಿನ ಮೇಲಿಡಿ," ಎಂದಳು. ಆಮೇಲೆ ರುಬಿಯೆಲ್‌ನ ಕಡೆ ತಿರುಗಿದಳು. "ನೀನು ಏಳು. ನನಗೆ ಹೇಳು."

*

ಅರ್ಸೆನಿಯೊ ಕಟುಕ. ಬೆಳಗಾಗುವುದರೊಳಗೆ ದನ ಕೆಡವಿ, ಮಧ್ಯಾಹ್ನ ಅಂಗಡಿಯ ಬಾಗಿಲೆಳೆದು ಸೈಕಲ್ ಹತ್ತುತ್ತಿದ್ದ. ನಲವತ್ತರಲ್ಲೂ ಅವನ ಹಿಂದೆ ಬೊಕೆರೋನ್ ಹತ್ತಬಲ್ಲವರು ಸುತ್ತಲಲ್ಲಿ ಇರಲಿಲ್ಲ. ಊರಹಬ್ಬದ ಪಂದ್ಯದಲ್ಲಿ ಗೆದ್ದವನಿಗೆ ಒಂದು ಹಂದಿ ಕೊಡುತ್ತಿದ್ದರು. ಪ್ರತಿ ವರ್ಷವೂ ಅವನೇ ಗೆದ್ದು, ಅವನೇ ಕಡಿದು, ಸೋತವರಿಗೇ ಮಾರುತ್ತಿದ್ದ.

ಬಂದೂಕಿನವರು ಬಂದು ಘಾಟಿ ಮುಚ್ಚಿದರು. ಎಲ್ಲರೂ ಸೈಕಲ್ಲಿನ ಮುಖ ಕೆಳಗಿನ ಬಯಲಿನ ಕಡೆ ತಿರುಗಿಸಿದರು. ಅರ್ಸೆನಿಯೊ ಒಂದು ಭಾನುವಾರ ತಡೆಯಲಾರದೆ ಮೇಲಕ್ಕೆ ಹೋದ.

ಕೊನೆಯ ತಿರುವಿನಲ್ಲಿ ಅವನನ್ನು ಕೆಳಗೆ ಕೆಡವಿದರು. ಮುಖಕ್ಕೆ ವಸ್ತ್ರ ಕಟ್ಟಿದ್ದ ಒಬ್ಬ ಹುಡುಗಾಟದ ಪ್ರಾಯದವನು ಕೇಳಿದ, "ಯಾರಿಗೆ ಸುದ್ದಿ ಒಯ್ತಿದೀಯ ಕಟುಕಾ?"

"ಯಾರಿಗೂ ಇಲ್ಲಪ್ಪ. ಸುಮ್ನೆ ಹತ್ತೋಕೆ ಬಂದೆ."

"ಸುಮ್ನೆ ಹತ್ತೋಕಾ?" ಅವನ ಜೊತೆಯವರು ನಕ್ಕರು.

ಅರ್ಸೆನಿಯೊನ ಎಡಗಾಲನ್ನು ಎರಡು ಕಲ್ಲುಗಳ ಮೇಲೆ ಸೇತುವೆಯ ಹಾಗೆ ಇಟ್ಟರು. ಆ ಪ್ರಾಯದವನು ಬಂದೂಕಿನ ಹಿಡಿಯನ್ನು ಮೊಣಕಾಲಿನ ಕೆಳಗೆ ಅಪ್ಪಳಿಸಿದ. ಮೂಳೆ ಮೊದಲ ಪೆಟ್ಟಿಗೆ ಮುರಿಯಲಿಲ್ಲ. ಎರಡನೆಯದಕ್ಕೆ ಮುರಿಯಿತು. ಬಗ್ಗಿದ ರಭಸಕ್ಕೆ ಅವನ ಮುಖದ ವಸ್ತ್ರ ಜಾರಿತು.

"ಇನ್ನು ಸೈಕಲ್ ಮೇಲೆ ಇಲ್ಲಿಗೆ ಬಾ ನೋಡೋಣ," ಎಂದ ರುಬಿಯೆಲ್.

ಹೋರಿ ಒದೆಯಿತು ಎಂದು ಅರ್ಸೆನಿಯೊ ಮನೆಯಲ್ಲಿ ಹೇಳಿದ. ಯಾವ ಹೋರಿಯೂ ಹಾಗೆ ಒದೆಯುವುದಿಲ್ಲ ಎಂದು ಕಟುಕನ ಹೆಂಡತಿಗೆ ಗೊತ್ತಿತ್ತು. ಆ ಕಾಲದಲ್ಲಿ ಯಾರೂ ಎರಡನೆಯ ಸಲ ಕೇಳುತ್ತಿರಲಿಲ್ಲ.

*

ಕಾಲು ಸೊಟ್ಟಗೆ ಕೂಡಿಕೊಂಡಿತು. ಸೈಕಲನ್ನು ಅಂಗಡಿಯ ಹಿಂದೆ, ದನದ ತೊಡೆ ನೇತುಹಾಕುವ ಕೊಕ್ಕೆಗೇ ನೇತುಹಾಕಿದ. ತೊಡೆಗಳು ಕರಗಿ ಹೊಟ್ಟೆ ಬೆಳೆಯಿತು. ಮಾಂಸದ ಹಲಗೆಯಿಂದ ಗಲ್ಲಾಪೆಟ್ಟಿಗೆಗೆ ಹೋಗುವಷ್ಟರಲ್ಲಿ ಉಬ್ಬಸ ಬರುತ್ತಿತ್ತು. ಹಳೆಯ ಜೊತೆಗಾರರು ಕಿಟಕಿಯಲ್ಲಿ ಇಣುಕಿ, "ಈ ಸಲದ ಹಬ್ಬಕ್ಕೆ ಹಂದಿ ಸಿದ್ಧವಾಗಿದೆ ಕಣ್ರೋ," ಎಂದು ಅವನ ಹೊಟ್ಟೆ ತೋರಿಸಿ ನಗುತ್ತಿದ್ದರು. ಅವನೂ ನಗುತ್ತಿದ್ದ. ಹಾಗೆ ಹದಿನೈದು ವರ್ಷವಾದರೂ ಕಳೆದಿರಬೇಕು.

ಬಂದೂಕಿನವರು ಬಂದೂಕು ಒಪ್ಪಿಸಿದರು. ಘಾಟಿ ತೆರೆಯಿತು. ರುಬಿಯೆಲ್ ತುದಿಯಲ್ಲಿ ಒಂದು ಅಂಗಡಿ ಹಾಕಿಕೊಂಡು ಸೈಕಲ್ಲಿನವರಿಗೆ ಗಿಣ್ಣು, ಬೆಲ್ಲದ ಬಿಸಿನೀರು ಮಾರುತ್ತಾನೆಂದು ಅಂಗಡಿಯಲ್ಲಿ ಯಾರೋ ಹೇಳಿದರು. ಅರ್ಸೆನಿಯೊ ಪಕ್ಕೆಲುಬು ಕಡಿಯುತ್ತಿದ್ದ. ಕಡಿಯುವುದನ್ನು ಮುಗಿಸಿ, ಕೈ ತೊಳೆದು, ಸೈಕಲ್ ಇಳಿಸಿಕೊಂಡು ನೆಪೊನ ಹತ್ತಿರ ಹೋದ.

ಮೊದಲ ದಿನ ಸೇತುವೆಯವರೆಗೂ ಹೋಗಲಾಗಲಿಲ್ಲ. ದಾರಿಬದಿಯಲ್ಲಿ ಸೈಕಲ್ ಕೆಡವಿ ಆಲೂಗಡ್ಡೆ ಸಾರನ್ನೆಲ್ಲ ವಾಂತಿ ಮಾಡಿದ. ಸೀಟು ತೊಡೆಸಂದಿಯನ್ನು ತರಿದಿತ್ತು. ಕಿವಿಯಲ್ಲಿ ಎದೆಬಡಿತ ಒಂದೇ ಕೇಳುತ್ತಿತ್ತು. ಮೋಟರ್‌ಸೈಕಲ್ಲಿನಲ್ಲಿ ಬಂದ ಯೆಸಿದ್ ಅಪ್ಪನ ಅವತಾರ ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕ.

"ನನ್ನ ಕಾಲೆಲ್ಲಿ ಹೋಯ್ತೋ ನೆಪೊ?" ಎಂದು ಆ ಸಂಜೆ ಅರ್ಸೆನಿಯೊ ಕೇಳಿದ.

"ನೀನೇ ತಿಂದ್ಹಾಕಿದೀಯ. ಬರುತ್ತೆ, ತಡಿ. ಮೊದಲು ಉಸಿರು ಬರುತ್ತೆ, ಆಮೇಲೆ ಕಾಲು. ಇಪ್ಪತ್ತರ ಪ್ರಾಯದಲ್ಲಿ ತಿಂಗಳಲ್ಲಿ ಬರೋದು ಈಗ ವರ್ಷ ತಗೊಳ್ಳುತ್ತೆ."

"ಮುದಿ ಎತ್ತಿನ ಮಾಂಸ. ಬೇಯೋಕೆ ಹೊತ್ತು ಬೇಕು."

"ಹೌದು. ಉರಿ ಜಾಸ್ತಿ ಮಾಡಿದ್ರೆ ಸೀದು ಹೋಗುತ್ತೆ, ನೆನಪಿಟ್ಕೋ."

ನೆನಪಿಡಲಿಲ್ಲ. ದಿನವೂ ಹೋದ. ತಿಂಗಳೊಳಗೆ ಸೊಟ್ಟಗಾಲು ಊದಿಕೊಂಡು, ನಿದ್ದೆ ಕೆಟ್ಟು, ಅಂಗಡಿಯಲ್ಲಿ ಸಿಟ್ಟಿಗೆದ್ದು ಒಬ್ಬ ಗಿರಾಕಿಯ ಮೇಲೆ ಕತ್ತಿ ಎಸೆದ. ನೆಪೊ ಸೈಕಲ್ಲಿನ ಚಕ್ರಗಳನ್ನೇ ಬಿಚ್ಚಿಟ್ಟುಕೊಂಡು, ಊತ ಇಳಿದ ಮೇಲೆ ವಾಪಸು ಕೊಟ್ಟ. ಆಮೇಲೆ ಅರ್ಸೆನಿಯೊ ಒಂದು ದಿನ ತುಳಿದು ಮರುದಿನ ಸುಮ್ಮನಿರುವುದನ್ನು ಕಲಿತ. ಬಯಲಲ್ಲಿ ನಿಧಾನವಾಗಿ, ಮಾತಾಡುವಷ್ಟು ಉಸಿರು ಉಳಿಸಿಕೊಂಡು ತುಳಿಯುವುದನ್ನು ಕಲಿತ. ಮಳೆಗಾಲಕ್ಕೆ ಸೇತುವೆ ದಾಟಿದ. ಮುಂದಿನ ವರ್ಷ ಘಾಟಿಯ ಬುಡದ ಶಿಲುಬೆ ಮುಟ್ಟಿದ. ಹೊಟ್ಟೆ ಇಳಿಯಿತು. ಒಂದು ದಿನ ಸ್ನಾನ ಮಾಡುವಾಗ ತೊಡೆಯಲ್ಲಿ ಹಳೆಯ ಗಂಟು ಕೈಗೆ ಸಿಕ್ಕಿತೆಂದು ಒಲಿವಾಳನ್ನು ಕರೆದು ಮುಟ್ಟಿಸಿದ.

"ಘಾಟಿಯ ಗಾಳಿ ಬೇಕಾದ್ರೆ ಬಸ್ಸಲ್ಲಿ ಹೋಗೋ," ಎಂದು ನೆಪೊ ಬೈದಿದ್ದ.

"ಬಸ್ಸಲ್ಲಿ ಹೋದ್ರೆ ಲೆಕ್ಕಕ್ಕಿಲ್ಲ."

ಮುದುಕನ ಜಂಬ ಎಂದುಕೊಂಡ ನೆಪೊ.

*

"ಮೊದಲು ನಿನ್ನ ಮೂಗು," ಎಂದಳು ಒಲಿವಾ. "ಅದನ್ನ ಯಾರು ಮುರಿದರು?"

ರುಬಿಯೆಲ್‌ನ ಮೂಗು ಹೋದ ಬೇಸಗೆಯಿಂದಲೂ ಒಂದು ಕಡೆಗೆ ವಾಲಿತ್ತು. ಹಸು ಒದೆಯಿತು ಎಂದು ಅವನು ಊರಿಗೆಲ್ಲ ಹೇಳಿದ್ದ.

"ನಿಮ್ಮ ಯಜಮಾನರು," ಎಂದ.

ಜನರಲ್ಲಿ ಗುಜುಗುಜು ಎದ್ದಿತು.

"ಬೇಸಗೆಯಲ್ಲಿ ಒಂದು ದಿನ ಬಂದ್ರು. ಮುಖ ನೇರಳೆ ಬಣ್ಣಕ್ಕೆ ತಿರುಗಿತ್ತು. ಯಾರೋ ವಯಸ್ಸಾದವರು, ಪಾಪ, ಅಂದ್ಕೊಂಡು ಬೆಲ್ಲದ ನೀರು ಕೊಡ್ಲಾ ಅಂದೆ. ತಡಿ ಅಂತ ಬೆರಳು ತೋರಿಸಿದ್ರು. ಕೂತ್ರು, ನೀರು ಕುಡಿದ್ರು. ಉಸಿರು ಹತೋಟಿಗೆ ಬಂದ ಮೇಲೆ ಎದ್ದು, ಗಾಳಿ ಹೊಡೆಯೋ ಪಂಪು ಕಿತ್ಕೊಂಡು ಮೂಗಿನ ಮೇಲೆ ಬಾರಿಸಿದ್ರು."

"ಯಾಕೆ?"

"ನಾನು ಕೆಳಗೆ ಬಿದ್ದೆ. ಹೊಟ್ಟೆಗೆ ಒದ್ರು. ಸೈಕಲ್ ಬೂಟು ಸಿಮೆಂಟಿನ ಮೇಲೆ ಜಾರಿ ಅವ್ರೂ ಬಿದ್ರು. ಆಗ ಅವ್ರ ಕಾಲು ನನ್ನ ಕಣ್ಣೆದುರಿಗೇ ಇತ್ತು. ಸೊಟ್ಟಗಿತ್ತು. ಆಗ ಗುರುತು ಸಿಕ್ತು, ಅಮ್ಮಾ." ರುಬಿಯೆಲ್ ಬಾಯೊಳಗಿನ ರಕ್ತ ನುಂಗಿದ. "ಆ ಕಾಲು ಮುರಿದವನು ನಾನು."

ಯೆಸಿದ್ ಮುನ್ನುಗ್ಗಿದ. ಮೂವರು ಸೇರಿ ಹಿಡಿದರು.

"ಹೇಳಲಿ," ಎಂದಳು ಒಲಿವಾ.

"ಬೆನ್ನಿನ ಜೇಬಲ್ಲಿ ಕತ್ತಿ ಇತ್ತು. ದನದ ಕುತ್ತಿಗೆಗೆ ಹಾಕೋದು. ನನ್ನ ಎದೆ ಮೇಲೆ ಕೂತು ಗಂಟಲಿಗೆ ಇಟ್ರು. 'ಹತ್ತಿ ಬಂದೆ ನೋಡು,' ಅಂದ್ರು. ಅಷ್ಟೇ. ಎದ್ದು ಇಳಿದು ಹೋದ್ರು."

"ಆಮೇಲೆ?"

"ಮುಂದಿನ ಭಾನುವಾರ ಮತ್ತೆ ಬಂದ್ರು. ನಾನು ಮಚ್ಚು ಹಿಡ್ಕೊಂಡೇ ನಿಂತಿದ್ದೆ. ನೀರು ಕೇಳಿದ್ರು, ಕೊಟ್ಟೆ. ಕುಡಿದು ಹೋದ್ರು. ಪ್ರತಿ ಭಾನುವಾರ ಹಾಗೇ. ಮಾತಿಲ್ಲ. ಒಂದೇ ಒಂದು ದಿನ ಮಾತ್ರ, 'ಇವತ್ತು ಎಲ್ಲೂ ಕಾಲಿಳಿಸಲಿಲ್ಲ ಕಣೋ,' ಅಂದ್ರು."

ನೆಪೊ ಮುಖ ಬೇರೆ ಕಡೆ ತಿರುಗಿಸಿಕೊಂಡ. ಆ ಸುದ್ದಿಯನ್ನು ಗೆಳೆಯ ಅವನಿಗೂ ಹೇಳಿರಲಿಲ್ಲ.

"ಈ ಭಾನುವಾರ ಕೊನೆ ತಿರುವಲ್ಲಿ ಬರೋದು ಕಾಣಿಸ್ತು. ಪಾತ್ರೆ ಒಲೆ ಮೇಲಿಟ್ಟು ತಿರುಗಿ ನೋಡಿದ್ರೆ ರಸ್ತೆ ಮೇಲೆ ಬಿದ್ದಿದ್ರು. ಓಡಿದೆ. ಉಸಿರಿಲ್ಲ. ಬಂದೂಕು ಬಿಟ್ಟವರಿಗೆ ಪಾಠ ಮಾಡಿದ್ರಲ್ಲ, ಅಲ್ಲಿ ಉಸಿರು ನಿಂತವರನ್ನ ಎದೆ ಒತ್ತಿ ಬದುಕಿಸೋದು ಕಲಿಸಿದ್ರು. ಒತ್ತಿದೆ. ಒತ್ತುವಾಗ ಲಟಕ್ ಅಂತು." ಅವನು ತನ್ನ ಅಂಗೈ ನೋಡಿಕೊಂಡ. "ಮೂಳೆ ಮುರಿಯೋ ಸದ್ದು ನನಗೆ ಗೊತ್ತಮ್ಮ. ಗೊತ್ತಾದ್ರೂ ನಿಲ್ಲಿಸಲಿಲ್ಲ. ಇನ್ನೂ ಜೋರಾಗಿ ಒತ್ತಿದೆ. ತೋಳು ಸೋತು ಹೋಗೋವರೆಗೂ ಒತ್ತಿದೆ."

ಒಲಿವಾ ಅವನ ಹತ್ತಿರ ಬಂದಳು. ಕೈಯನ್ನು ಪೂರ್ತಿ ಹಿಂದಕ್ಕೆ ಬೀಸಿ ಹರಿದ ಕೆನ್ನೆಗೇ ಹೊಡೆದಳು. ಅವನು ತತ್ತರಿಸಿ ಕಂಬ ಹಿಡಿದುಕೊಂಡ.

"ಇದು ಕಾಲಿಗೆ," ಎಂದಳು. "ಬಾಕಿಯದಕ್ಕೆ ಏನು ಮಾಡಬೇಕೋ ನನಗೆ ಗೊತ್ತಿಲ್ಲ."

*

ಯೆಸಿದ್‌ನ ಬಲಗೈ ಊದಿಕೊಂಡಿತ್ತು. ಎರಡು ಬೆರಳ ಗೆಣ್ಣು ಒಳಕ್ಕೆ ಹೋಗಿದ್ದವು. ಪೆಟ್ಟಿಗೆ ಹೊರಲು ಹೋಗಿ ಹಲ್ಲು ಕಚ್ಚಿ ಕೈಬಿಟ್ಟ. ಸ್ಮಶಾನ ಊರ ಮೇಲಿನ ದಿಣ್ಣೆಯಲ್ಲಿತ್ತು. ನೆಪೊ ತನ್ನ ಹೆಗಲು ಕೊಡಲು ಬಂದ. ಒಲಿವಾ ಅವನನ್ನು ತಡೆದಳು.

"ಬೇಡ ನೆಪೊ. ನಾಳೆ ನಿನ್ನನ್ನೂ ಹೊರೋಕೆ ನನ್ನಿಂದಾಗಲ್ಲ." ಆಮೇಲೆ ಕಂಬದ ಕಡೆ ನೋಡದೆಯೇ ಹೇಳಿದಳು, "ಏ, ಬಾ. ಹಿಂದುಗಡೆ ಹಿಡಿ. ಭಾರ ಎಲ್ಲ ಅಲ್ಲಿಗೇ ಬೀಳೋದು."

"ಅಮ್ಮಾ, ಇವನಾ?"

"ಕೆಳಗೆ ಇಳಿಸ್ಕೊಂಡು ಬಂದವನು ಅವನೇ ತಾನೆ. ಈಗ ಹತ್ತಿಸಲಿ."

ಯೆಸಿದ್ ಬಗ್ಗಿ ಎಡಗೈಯಲ್ಲಿ ಒಂದು ಕಲ್ಲು ಎತ್ತಿಕೊಂಡು ರುಬಿಯೆಲ್‌ನ ಬೆನ್ನ ಹಿಂದೆ ನಡೆದ.

ಏರು ಕಡಿದಾದ ಕಡೆ ಹೊತ್ತವರ ಉಸಿರು ಗಟ್ಟಿಯಾಗಿ ಕೇಳತೊಡಗಿತು. ಪೆಟ್ಟಿಗೆ ಹಿಂದಕ್ಕೆ ಜಗ್ಗಿ, ಒಳಗಿನ ಭಾರ ಜಾರಿ ರುಬಿಯೆಲ್‌ನ ಹೆಗಲಿಗೆ ಬಂತು. ಅವನ ಮೊಣಕಾಲು ಬಾಗಿತು, ಮತ್ತೆ ನೆಟ್ಟಗಾಯಿತು. ಕೆನ್ನೆ ಮರಕ್ಕೆ ಒತ್ತಿಕೊಂಡಿತ್ತು. ಅಲ್ಲಿಂದ ರಕ್ತ ಹಲಗೆಯ ಅಂಚಿನಲ್ಲಿ ಹರಿಯುತ್ತಿತ್ತು.

ಒಲಿವಾ ಪಕ್ಕದಲ್ಲೇ ನಡೆಯುತ್ತಿದ್ದಳು. ಕಪ್ಪು ಶಾಲಿನ ಚುಂಗನ್ನು ಉಗುಳಿನಿಂದ ಒದ್ದೆಮಾಡಿ, ಹಲಗೆಯ ಮೇಲಿನ ರಕ್ತವನ್ನು ನಿಧಾನವಾಗಿ ಒರೆಸಿದಳು. ಮತ್ತೆ ಹರಿಯಿತು. ಮತ್ತೆ ಒರೆಸಿದಳು. ರುಬಿಯೆಲ್‌ನ ಕೆನ್ನೆ ಅವಳ ಕೈಯಿಂದ ಬೆರಳಿನ ಅಂತರದಲ್ಲಿತ್ತು. ಅದನ್ನು ಮುಟ್ಟಲಿಲ್ಲ.